ತರೀಕೆರೆ ರಸ್ತೆಯಲ್ಲಿ ಒಂದು ಗಂಟೆಯ ಮೌನ

ಕೇಳಿದ್ದನ್ನು ಕೇಳಿದಂತೆಯೇ ನಂಬುವ ಭಾಗ್ಯ ನನಗೆ ಒದಗಲಿಲ್ಲ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ನಾನು ಉಳಿದದ್ದನ್ನೆಲ್ಲ ಸ್ವಂತ ಓದಿನಿಂದ ಕಲಿಯಬೇಕಾಯಿತು. ಹೀಗೆ ಕಲಿತವನಿಗೆ ಗುರುಭಕ್ತಿ ಕಡಿಮೆ, ಅನುಮಾನ ಹೆಚ್ಚು. ಎಪ್ಪತ್ತೊಂದರ ಯುದ್ಧದಲ್ಲಿ ಎರಡೂ ದೇಶಗಳ ರೇಡಿಯೋ ವಾರ್ತೆ ಕೇಳುತ್ತಿದ್ದೆ. ಇಬ್ಬರೂ ಗೆಲ್ಲುತ್ತಿದ್ದರು. ಇಬ್ಬರೂ ಗೆಲ್ಲುವ ಕುಸ್ತಿಯನ್ನು ನಮ್ಮೂರು ಅಜ್ಜಂಪುರದ ಯಾವ ಗರಡಿಯಲ್ಲೂ ನಾನು ಕಂಡವನಲ್ಲ.

ಪಕ್ಕದ ಮನೆಯ ಗೌರಮ್ಮನಿಗೆ ಯಾರ ಗೆಲುವೂ ಬೇಕಿರಲಿಲ್ಲ. ಒಬ್ಬನೇ ಮಗ ರುದ್ರೇಶ ಸೈನ್ಯದಲ್ಲಿದ್ದ, ತಿಂಗಳಿಂದ ಕಾಗದವಿಲ್ಲ. "ಅಣ್ಣಾ, ಇಷ್ಟೆಲ್ಲ ಓದ್ಕಂಡಿದೀರಿ. ಇದು ನಿಲ್ಲೋ ಹಂಗೆ ಏನಾದ್ರೂ ಮಾಡಕ್ಕಾಗಲ್ವಾ?" ಎಂದು ಕೇಳಿದಳು. ಆಗುವುದಿಲ್ಲ ಎನ್ನಲು ನನ್ನ ಓದಿನ ಅಭಿಮಾನ ಬಿಡಲಿಲ್ಲ. ಎಲ್ಲೋ ದೂರದೇಶಗಳಲ್ಲಿ ಜನ ರಸ್ತೆಬದಿಯಲ್ಲಿ ಮೌನವಾಗಿ ನಿಂತು ಯುದ್ಧ ಬೇಡವೆನ್ನುತ್ತಾರೆಂದು ಓದಿದ್ದೆ. ಸೋಮವಾರ ಸಂಜೆ, ತರೀಕೆರೆ ರಸ್ತೆ ಊರು ಬಿಡುವಲ್ಲಿ, ನಾವಿಬ್ಬರೂ ಒಂದು ಗಂಟೆ ನಿಲ್ಲುವುದೆಂದು ನಿಶ್ಚಯವಾಯಿತು. ಷರತ್ತು ನನ್ನದೇ: ಏನೇ ಆಗಲಿ, ಬಾಯಿ ತೆರೆಯಕೂಡದು.

ನಾನು ಒಗೆದ ಬಿಳಿ ಪಂಚೆಯುಟ್ಟು, ವಿಭೂತಿ ಧರಿಸಿ, ‘ಶಾಂತಿ ನೆಲೆಸಲಿ’ ಎಂದು ಬರೆದ ರಟ್ಟು ಹಿಡಿದೆ. ಗೌರಮ್ಮ ದೀಪ ತಂದಳು. ನಮ್ಮ ಸೀಮೆಯಲ್ಲಿ ಊರ ಅಂಚಿನಲ್ಲಿ ಹೀಗೆ ದೀಪ ಹಿಡಿದು ನಿಲ್ಲುವುದು ಮಠದ ಸ್ವಾಮಿಗಳನ್ನು ಎದುರುಗೊಳ್ಳುವುದಕ್ಕೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಕಿರಾಣಿ ಅಂಗಡಿಯ ಶಿವಣ್ಣನಿಗೆ ಹೊಳೆಯಿತು. "ಬುದ್ಧಿಯೋರು ಬತ್ತಾರಾ? ಒಂದ್ಮಾತು ಹೇಳ್ಬಾರ್ದೇನಣ್ಣಾ?" ಎಂದವನೇ ಅಂಗಡಿಗೆ ಬಾಗಿಲು ಹಾಕಿ, ಪಾದ ತೊಳೆಯಲು ತಂಬಿಗೆಯಲ್ಲಿ ನೀರು ಹಿಡಿದು ನನ್ನ ಪಕ್ಕ ಬಂದು ನಿಂತ. ಇಲ್ಲವೆಂದು ತಲೆಯಲ್ಲಾಡಿಸಿದೆ; ಅವನು ಅದನ್ನು ಭಕ್ತಿಯೆಂದು ತಿಳಿದ. ಅವನನ್ನು ನೋಡಿ ಅವನ ಬೀದಿ, ಆ ಬೀದಿಯನ್ನು ನೋಡಿ ಉಳಿದ ಬೀದಿಗಳು ಬಂದವು. ತರೀಕೆರೆಯಿಂದ ಬಂದ ಬಸ್ಸು ನಿಂತಿತು; ಡ್ರೈವರು ಚಪ್ಪಲಿ ಬಿಟ್ಟು ಇಳಿದ. ಬುದ್ಧಿಯವರ ಮೇಲಿನ ಭಯಭಕ್ತಿಯಿಂದ ಎಲ್ಲರದೂ ಪಿಸುಮಾತೇ.

"ಅದೇನೋ ಶಾಂತಿ ಅಂತ ಬರ್ಕಂಡವ್ರೆ?"

"ಬುದ್ಧಿಯೋರು ಅದ್ರ ಮೇಲೇ ಮಾತಾಡ್ತಾರೆ ಕಣಯ್ಯಾ, ಸುಮ್ನಿರು."

ಗಂಟೆ ತುಂಬಿದ ಮೇಲೆ ಬಾಯಿ ತೆರೆದು ನಿಜ ಹೇಳಿದೆ. ಶಿವಣ್ಣ ತಂಬಿಗೆಯ ನೀರನ್ನು ಬೇಲಿಗೆ ಚೆಲ್ಲಿ, "ಯುದ್ಧ ನಿಲ್ಲೋದು ಹಂಗಿರ್ಲಿ, ನನ್ನ ಸಂಜೆ ವ್ಯಾಪಾರ ನಿಲ್ಲಿಸ್ಬಿಟ್ರಲ್ಲಣ್ಣಾ" ಎಂದು ಹೊರಟುಹೋದ.

ಎರಡು ದಿನದ ಮೇಲೆ ಪತ್ರಿಕೆಯಲ್ಲಿ ಸುದ್ದಿ ಬಂತು: ಯುದ್ಧ ನಿಲ್ಲಲೆಂದು ಊರಿಗೆ ಊರೇ ಮೌನವಾಗಿ ನಿಂತಿತ್ತಂತೆ. ಓದಿ ಹೇಳಿ ಎಂದು ಗೌರಮ್ಮ ಬಂದಳು. ಎಲ್ಲವನ್ನೂ ಕಣ್ಣಾರೆ ಕಂಡವಳು, ಆದರೂ, "ಅಷ್ಟು ಜನಾನೂ ನಮ್ಮ ರುದ್ರನಂಥ ಮಕ್ಕಳಿಗೋಸ್ಕರ ನಿಂತಿದ್ರು ಅಂತ ಬರ್ದವ್ರಾ?" ಎಂದಳು. ತಿದ್ದಲು ಹೊರಟೆ. ಆಕೆಯ ಮುಖ ನೋಡಿ ಅದನ್ನೇ ಇನ್ನೊಮ್ಮೆ, ಸ್ವಲ್ಪ ನಿಧಾನವಾಗಿ ಓದಿದೆ. ಅಂದು ಆಕೆ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡಳು.

ಆ ವಾರವೇ ಯುದ್ಧ ನಿಂತಿತು. ತಿಂಗಳೊಳಗೆ ರುದ್ರೇಶನ ಕಾಗದವೂ ಬಂತು. ನಮ್ಮ ಮೌನದಿಂದಲೇ ಹಾಗಾಯಿತೆಂದು ಗೌರಮ್ಮ ಈಗಲೂ ಹೇಳುತ್ತಾಳೆ. ಇತಿಹಾಸಕಾರರು ಬೇರೆ ಕಾರಣಗಳನ್ನು ಬರೆದಿದ್ದಾರೆ, ಅವನ್ನೂ ಓದಿದ್ದೇನೆ. ಆದರೆ ಅವರ ಬರವಣಿಗೆಯಲ್ಲಿ ತರೀಕೆರೆ ರಸ್ತೆಯ ಪ್ರಸ್ತಾಪವೇ ಇಲ್ಲದಿರುವುದರಿಂದ, ಪೂರ್ತಿ ನಂಬಲು ನನಗೆ ಮನಸ್ಸು ಬರುತ್ತಿಲ್ಲ.