ನೀರಿನ ಟ್ಯಾಂಕ್ ಎಂದು ಗುರುತಿಸಲ್ಪಟ್ಟ ಜಂಟಿ ನಿರ್ದೇಶಕರ ಕುರಿತು

ಸಂಖ್ಯೆ: ಡ್ರೋನ್/ಮೇಲ್ವಿ/ಛಾವಣಿ/೧೭

ವಿಷಯ: ಡ್ರೋನ್ ಮೇಲ್ವಿಚಾರಕರು ಸ್ವಂತ ಬುದ್ಧಿ ಬಳಸುವಾಗ ಪಾಲಿಸಬೇಕಾದ ಕ್ರಮ.

ಉಲ್ಲೇಖ: ಜಂಟಿ ನಿರ್ದೇಶಕರ ದೂರು ಹಾಗೂ ಅದಕ್ಕೆ ಡ್ರೋನ್ ನೀಡಿದ ಸಮಜಾಯಿಷಿ.

ಕಡತದ ಮೂಟೆ ಸಾಗಿಸುವ ಇಲಾಖೆಯ ಡ್ರೋನ್‌ಗಳು ತಾವೇ ಹಾರಿ, ತಾವೇ ಜಾಗ ಹುಡುಕಿ, ಮೂಟೆ ಕೆಡವುವ ಮುನ್ನ ಪರದೆಯ ಮುಂದೆ ಕುಳಿತ ಮೇಲ್ವಿಚಾರಕರೆಂಬ ಮನುಷ್ಯರ ಒಪ್ಪಿಗೆ ಕೇಳುತ್ತವೆ. ಕಳೆದ ಸೋಮವಾರ ಊಟದ ಹೊತ್ತಿನಲ್ಲಿ, ಮುಖ್ಯ ಕಟ್ಟಡದ ಛಾವಣಿಯಲ್ಲಿ ಮಲಗಿದ್ದ ಜಂಟಿ ನಿರ್ದೇಶಕರನ್ನು ಡ್ರೋನ್ 'ನೀರಿನ ಟ್ಯಾಂಕ್, ಭಾರ ತಡೆಯಬಲ್ಲದು' ಎಂದು ಗುರುತಿಸಿ ಒಪ್ಪಿಗೆ ಕೇಳಿತು. "ಒತ್ತಿಬಿಡಿ ಅಕ್ಕಾ, ಊಟ ಆರಿಹೋಗುತ್ತೆ" ಎಂದು ಪಕ್ಕದ ಮೇಜಿನವರು ಸಕಾಲಿಕ ಸಲಹೆ ನೀಡಿದರೂ ಮೇಲ್ವಿಚಾರಕಿಯು 'ತಡೆ' ಗುಂಡಿ ಒತ್ತಿದ್ದಾರೆ. ಆ ಗುಂಡಿ ಕೆಲಸ ಮಾಡುತ್ತದೆಂಬುದು ಇಲಾಖೆಗೆ ಅಂದೇ ತಿಳಿದದ್ದು. ಬಳಿಕ ಅವರು ಓಡೋಡಿ ಮೆಟ್ಟಿಲು ಹತ್ತಿ ಸಾಹೇಬರನ್ನು ಎಬ್ಬಿಸಿ, "ಯಾರಮ್ಮಾ ನೀನು, ನಿದ್ದೆ ಕೆಡಿಸೋಕೆ?" ಎಂದು ಬೈಸಿಕೊಂಡಿದ್ದಾರೆ.

ವಿಚಾರಣೆಯಲ್ಲಿ ಅವರ ಹೇಳಿಕೆ: "ಟ್ಯಾಂಕು ಹೊಟ್ಟೆ ಕೆರ್ಕೊಳ್ತಾ ಇತ್ತು ಸಾರ್, ನಾನೇನ್ ಮಾಡ್ಲಿ?" ಜಂಟಿ ನಿರ್ದೇಶಕರು ಬದುಕುಳಿದದ್ದರಿಂದ ಡ್ರೋನಿನ ಅಂದಾಜು ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಅವಕಾಶ ಕೈತಪ್ಪಿದೆ. ಮೇಲ್ವಿಚಾರಕಿಯ ಕೆಲಸ ಉಳಿಯಬೇಕೇ ಎಂಬುದನ್ನು ಪರಿಶೀಲಿಸಿ, ಈ ಕೆಳಗಿನಂತೆ ಸೂಚಿಸಲಾಗಿದೆ:

೧. ಮೇಲ್ವಿಚಾರಕರಿಗೆ ಸ್ವತಂತ್ರವಾಗಿ ನಿರ್ಧರಿಸುವ ಪೂರ್ಣ ಅಧಿಕಾರವಿದೆ. ಡ್ರೋನ್ ಏನು ನಿರ್ಧರಿಸಿದೆಯೆಂದು ಮೊದಲು ತಿಳಿದುಕೊಂಡು, ಅದನ್ನೇ ಸ್ವತಂತ್ರವಾಗಿ ನಿರ್ಧರಿಸತಕ್ಕದ್ದು.

೨. ಅನುಮಾನ ಬಂದಲ್ಲಿ ಮೊದಲು ಒಪ್ಪಿಗೆ ನೀಡಿ, ಮೂಟೆ ಬಿದ್ದ ನಂತರ ಅನುಮಾನವನ್ನು ಲಿಖಿತವಾಗಿ ಸಲ್ಲಿಸುವುದು.

೩. ಮೂಟೆ ಸರಿಯಾಗಿ ಬಿದ್ದರೆ ಪ್ರಶಂಸಾಪತ್ರ ಡ್ರೋನಿಗೆ. ಯಾರ ತಲೆಯ ಮೇಲಾದರೂ ಬಿದ್ದರೆ ನೋಟಿಸು ಮನುಷ್ಯರಿಗೆ.

೪. ತಾವು ಟ್ಯಾಂಕ್ ಅಲ್ಲವೆಂಬ ಜಂಟಿ ನಿರ್ದೇಶಕರ ಹೇಳಿಕೆಯನ್ನು ದಾಖಲಿಸಿಕೊಳ್ಳಲಾಗಿದೆ. ಆದರೆ ಡ್ರೋನ್ ತನ್ನ ಅಭಿಪ್ರಾಯ ಬದಲಿಸಿಲ್ಲ. ಆದ್ದರಿಂದ ಟ್ಯಾಂಕುಗಳಿಗೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕುವ ಕಾರ್ಯಕ್ರಮದಿಂದ ಅವರಿಗೆ ವಿನಾಯಿತಿ ಇರುವುದಿಲ್ಲ.

೫. ಮೇಲ್ವಿಚಾರಕಿಯನ್ನು ವಜಾ ಮಾಡದೆ, ದಯೆ ತೋರಿ, 'ತಡೆ' ಗುಂಡಿಯ ತಂತಿ ಕತ್ತರಿಸಿರುವ ಮೇಜಿಗೆ ವರ್ಗಾಯಿಸಲಾಗಿದೆ. ಮಾನವ ನಿರ್ಧಾರದ ಮೇಲಿನ ಗೌರವದಿಂದ ಗುಂಡಿಯನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.

(ಸಹಿ)
ಪ್ರಭಾರ ಅಧಿಕಾರಿ
(ಜಂಟಿ ನಿರ್ದೇಶಕರನ್ನು ತೊಳೆಯಲು ಕರೆದೊಯ್ದಿರುವುದರಿಂದ, ಅವರ ಪರವಾಗಿ)

ಪ್ರತಿಗಳು:
ಸ್ವಚ್ಛತಾ ವಿಭಾಗಕ್ಕೆ, ಉದ್ದ ಹಿಡಿಯ ಬ್ರಷ್ ಸಮೇತ.
ಡ್ರೋನಿಗೆ, ಮಾಹಿತಿಗಾಗಿ, ಆದ ಅಡಚಣೆಗೆ ಇಲಾಖೆಯ ವಿಷಾದದೊಂದಿಗೆ.
ಮೇಲ್ವಿಚಾರಕಿಗೆ. ವರ್ಗಾವಣೆಗೆ ಒಪ್ಪಿಗೆ ಕೇಳಲಾಗಿ, "ನಾನಂತೂ ಒಪ್ಪಲ್ಲ, ಏನ್ ಮಾಡ್ಕೊಳ್ತೀರೋ ಮಾಡ್ಕೊಳ್ಳಿ" ಎಂದಿದ್ದಾರೆ. ಅವರ ಪರವಾಗಿ ಡ್ರೋನ್ ಒಪ್ಪಿಕೊಂಡಿದೆ.