ಬಾಡಿಗೆ ಮನೆ ಬಿಟ್ಟೆ, ಅಡ್ವಾನ್ಸ್ ಬಿಡಲಿಲ್ಲ

ದನದ ಆಸ್ಪತ್ರೆ ನೌಕರನಿಗೆ ವರ್ಗ ತಪ್ಪಿದ್ದಲ್ಲ, ವರ್ಗವಾದವನಿಗೆ ಬಾಡಿಗೆ ಮನೆ ತಪ್ಪಿದ್ದಲ್ಲ, ಬಾಡಿಗೆ ಮನೆ ಬಿಟ್ಟವನಿಗೆ ಅಡ್ವಾನ್ಸಿಗಾಗಿ ಅಲೆಯೋದು ತಪ್ಪಿದ್ದಲ್ಲ. ಅದರಲ್ಲೂ ನಮ್ಮ ಶ್ರೀನಿವಾಸಪುರದ ಓನರ್ ಕಥೆಯೇ ಬೇರೆ.

ನನಗೆ ಮುಳಬಾಗಿಲಿಗೆ ವರ್ಗವಾಯಿತು. ಅಲ್ಲಿನ ಹೊಸ ಮನೆಗೆ ಅಡ್ವಾನ್ಸ್ ಕೊಡೋಕೆ ಹೆಂಡತಿಯ ಸರ ಗಿರವಿ ಅಂಗಡಿಗೆ ಹೋಯಿತು. "ನನ್ನ ತಮ್ಮನ ಮದುವೆ ಹೊತ್ತಿಗೆ ಸರ ನನ್ನ ಕತ್ತಲ್ಲಿರಬೇಕು. ಇಲ್ಲಾಂದ್ರೆ ಮದುವೆಗೆ ನೀವೂ ಬರಬೇಡಿ," ಅಂದಳು. ಹಳೇ ಓನರ್ ದುಡ್ಡು ಕೊಟ್ಟರೆ ತಾನೇ ಸರ ಬಿಡಿಸೋದು?

ಹಸು

ಮೊದಲ ಸಲ ಹೋದಾಗ ಓನರ್ ಗೇಟಲ್ಲೇ ಕೈ ಹಿಡಿದುಕೊಂಡರು. "ಬನ್ನಿ ಬನ್ನಿ ಡಾಕ್ಟ್ರೇ, ದೇವ್ರು ಬಂದಂಗೆ ಬಂದ್ರಿ." ನಾನು ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನವನು. ಆದರೆ ನಮ್ಮ ಕಡೆ ದನಕ್ಕೆ ಸೂಜಿ ಹಾಕೋರೆಲ್ಲ ಡಾಕ್ಟ್ರೇ. ಸೀದಾ ಕೊಟ್ಟಿಗೆಗೆ ಕರೆದುಕೊಂಡು ಹೋದರು. ಹಸುವಿಗೆ ಹೊಟ್ಟೆ ಉಬ್ಬರ. ಎಣ್ಣೆ ಕುಡಿಸಿ, ಅದು ಮೆಲುಕು ಹಾಕೋವರೆಗೂ ಕಾದು, "ಅಣ್ಣಾ, ಅಡ್ವಾನ್ಸು..." ಅಂದೆ.

"ಕೊಡದೆ ಎಲ್ಲೋಗ್ತೀನಿ? ಹೊಸ ಬಾಡಿಗೆಯೋರು ಬರ್ಲಿ. ಅವರು ಕೊಟ್ಟಿದ್ದು ನಿಮಗೆ. ಎಲ್ಲಾ ಕಡೆ ಅದೇ ತಾನೇ ಪದ್ಧತಿ?"

ಮನೆಗೆ ಬಂದೆ. ಹೆಂಡತಿ ನನ್ನ ಪ್ಯಾಂಟ್ ನೋಡಿ, "ದುಡ್ಡು ತರ್ತೀನಿ ಅಂತ ಹೋಗಿ ಸಗಣಿ ಮೆತ್ಕೊಂಡು ಬಂದ್ರಾ?" ಅಂದಳು.

ಮಾವು

ಎರಡನೇ ಸಲ ಹೋದಾಗ ಮಾವಿನ ಕಾಲ. ಓನರ್‌ಗೆ ದೊಡ್ಡ ತೋಪಿದೆ. ಮುದ್ದೆ, ಬಸ್ಸಾರು ಹೊಟ್ಟೆ ತುಂಬಾ ಹಾಕಿಸಿದರು. ಮನುಷ್ಯ ಬಹಳ ಒಳ್ಳೆಯವರು, ದುಡ್ಡಿನ ವಿಷಯ ಒಂದು ಬಿಟ್ಟು. "ನಿಮ್ಮನ್ನ ಬರಿಗೈಲಿ ಕಳಿಸ್ತೀನಾ?" ಅಂತ ಒಂದು ಮೂಟೆ ಬಾದಾಮಿ ಹಣ್ಣು ಬಸ್ಸಿಗೆ ಹಾಕಿಸಿಬಿಟ್ಟರು.

ಬೀದಿಗೆಲ್ಲ ಹಂಚಿದೆವು. ಎಲ್ಲರೂ ನಮ್ಮ ಓನರನ್ನ ಹೊಗಳಿದ್ದೇ ಹೊಗಳಿದ್ದು. ಹೆಂಡತಿ ಉಳಿದ ಹಣ್ಣು ಚೀಲಕ್ಕೆ ಹಾಕಿ ನನ್ನ ಕೈಗಿಟ್ಟು, "ಗಿರವಿ ಅಂಗಡಿಯೋನಿಗೂ ಕೊಟ್ಟು ಬನ್ನಿ. ಸರ ಬಿಟ್ಟುಕೊಡ್ತಾನೇನೋ ನೋಡೋಣ," ಅಂದಳು.

ಆಷಾಢ

ಹೊಸಬರು ಬರೋ ಸುದ್ದಿಯೇ ಇಲ್ಲ. ಕೊನೆಗೆ ನಾನೇ ಬ್ರೋಕರ್ ಆದೆ. ನನ್ನ ಜಾಗಕ್ಕೆ ಮಾಲೂರಿಂದ ಬಂದಿದ್ದ ಹುಡುಗ ಲಾಡ್ಜಿನಲ್ಲಿದ್ದ. ಅವನನ್ನ ಕರೆದುಕೊಂಡು ಹೋಗಿ ಮನೆ ತೋರಿಸಿ, ಗಾಳಿ, ಬೆಳಕು, ನೀರು ಎಲ್ಲಾ ವರ್ಣಿಸಿದೆ.

"ಇಷ್ಟು ಚೆನ್ನಾಗಿದ್ರೆ ನೀವ್ಯಾಕೆ ಬಿಟ್ರಿ ಸಾರ್?"

"ನಾನೆಲ್ಲಪ್ಪಾ ಬಿಟ್ಟೆ, ಸರ್ಕಾರ ಬಿಡಿಸ್ತು."

ಮನೆ ಒಪ್ಪಿದ. ಆದರೆ ಆಷಾಢದಲ್ಲಿ ಯಾರು ಹಾಲು ಉಕ್ಕಿಸ್ತಾರೆ? ಮೇಲಾಗಿ ಹೊಸದಾಗಿ ಮದುವೆಯಾದವನು, ಹೆಂಡತಿ ತವರಲ್ಲಿ. ಆಷಾಢ ಯಾವಾಗ ಮುಗಿಯುತ್ತೋ ಅಂತ ಅವನೂ ಕಾಯ್ತಿದ್ದ, ನಾನೂ ಕಾಯ್ತಿದ್ದೆ. ಅವನಿಗೆ ಹೆಂಡತಿ ಬರ್ತಾಳೆ ಅನ್ನೋ ಖುಷಿ, ನನಗೆ ಹೆಂಡತಿ ಸುಮ್ಮನೆ ಬಿಡಲ್ಲ ಅನ್ನೋ ಭಯ.

ಶುಕ್ರವಾರ

ಶ್ರಾವಣ ಬಂತು. ಒಳ್ಳೇ ದಿನ ಅಂತ ಹುಡುಗ ಶುಕ್ರವಾರವೇ ದುಡ್ಡು ತಂದ. ಭಾನುವಾರ ಬಾಮೈದನ ಮದುವೆ. ನಾನೂ ಓಡಿದೆ.

ಓನರ್ ತಲೆ ಕೆರೆದುಕೊಂಡರು. "ಶುಕ್ರವಾರ ಲಕ್ಷ್ಮಿ ಮನೆಗೆ ಬರಬೋದು, ಆಚೆ ಹೋಗಂಗಿಲ್ಲ. ಸೋಮವಾರ ಬನ್ನಿ ಡಾಕ್ಟ್ರೇ."

ನನಗೆ ಅಳುವೇ ಬಂತು. ಜಗಲಿ ಮೇಲಿದ್ದ ಓನರ್ ತಾಯಿ ನನ್ನ ಮುಖ ನೋಡಿ ತೀರ್ಪು ಕೊಟ್ಟರು. "ದುಡ್ಡು ನಮ್ಮ ಹೊಸಲು ದಾಟೋದೇ ಬೇಡ. ಆಯಪ್ಪನ ಕೈಯಿಂದ ಈಯಪ್ಪನ ಕೈಗೆ ಹೋಗ್ಲಿ. ಬಂದಂಗೂ ಇಲ್ಲ, ಹೋದಂಗೂ ಇಲ್ಲ."

ಗೇಟಿನಾಚೆ ನಿಂತು ಹುಡುಗ ಕೊಟ್ಟ, ನಾನು ಇಸ್ಕೊಂಡೆ. ಸುಣ್ಣಬಣ್ಣಕ್ಕೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯೋಕೂ ಓನರ್‌ಗೆ ಆಗಲಿಲ್ಲ, ಶುಕ್ರವಾರ ನೋಡಿ. ಸರ ಬಿಡಿಸಿದೆ. ಮದುವೆಯಲ್ಲಿ ನಾನೂ ಉಂಡೆ.

ಈಚೆಗೆ ಆ ಹುಡುಗನಿಗೂ ಕೋಲಾರಕ್ಕೆ ವರ್ಗವಾಯಿತು. ಅಡ್ವಾನ್ಸ್ ಕೇಳಿದ್ದಾನೆ. ಓನರ್ ಶಾಂತವಾಗಿ ಹೇಳಿದರಂತೆ, "ನಾನೆಲ್ಲಪ್ಪಾ ಇಸ್ಕೊಂಡೆ? ಕೈಯಲ್ಲಿ ಮುಟ್ಟೇ ಇಲ್ಲ. ಇಸ್ಕೊಂಡೋರು ಡಾಕ್ಟ್ರು. ಅವರನ್ನೇ ಕೇಳು."

ಅವತ್ತೇ ಸಂಜೆ ಹುಡುಗ ಮುಳಬಾಗಿಲಲ್ಲಿ ನಮ್ಮ ಬಾಗಿಲಿಗೆ ಬಂದು ನಿಂತ. "ಸಾರ್, ಅಡ್ವಾನ್ಸು..."

ಒಳಗಿಂದ ಹೆಂಡತಿ ಸರ ಸರಿಮಾಡಿಕೊಳ್ಳುತ್ತಾ ಬಂದಳು. "ಈಗ ತಾನೇ ದೀಪ ಹಚ್ಚಿದ್ದೀನಿ ಕಣಪ್ಪಾ, ಇನ್ನು ದುಡ್ಡು ಆಚೆ ಕೊಡಬಾರದು. ಬಾ, ಕಾಫಿ ಕುಡ್ಕೊಂಡು ಹೋಗು."