ಟೇಲರ್ ನೋಡುವ ಟೇಲರ್

ನಮ್ಮ ಕಾಕಾ ಯಾರ ಮುಖವನ್ನೂ ನೋಡುವುದಿಲ್ಲ, ಅವರು ನೋಡುವುದೆಲ್ಲ ಹಿಂಭಾಗವನ್ನೇ. ಹೀಗೆಂದರೆ ನೀವು ಏನೇನೋ ತಿಳಿದುಕೊಳ್ಳುತ್ತೀರಿ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಅವರು ನೋಡುವುದು ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಎಳೆಯುವ ಟ್ರೇಲರುಗಳ ಹಿಂಭಾಗವನ್ನು. ವಿಜಯಪುರದ ಗಾಂಧಿ ಚೌಕದ ಓಣಿಯೊಂದರಲ್ಲಿ ಅವರದು ಹೊಲಿಗೆ ಅಂಗಡಿ. ನಮ್ಮ ಕಡೆ ಬಟ್ಟೆ ಹೊಲಿಯುವವನೂ ಟೇಲರ್, ಕಬ್ಬು ಹೇರುವ ಟ್ರೇಲರೂ ಟೇಲರ್. ಎರಡಕ್ಕೂ ಒಂದೇ ಹೆಸರು ಸಾಕೆಂದು ಜನ ಯಾವಾಗಲೋ ತೀರ್ಮಾನಿಸಿಬಿಟ್ಟಿದ್ದಾರೆ. ಕಾಕಾ ಅದನ್ನು ದೈವೇಚ್ಛೆ ಎಂದು ಒಪ್ಪಿಕೊಂಡು ಎರಡನ್ನೂ ನೋಡಿಕೊಳ್ಳುತ್ತಾರೆ. ಒಂದರಿಂದ ಹೊಟ್ಟೆ ತುಂಬುತ್ತದೆ, ಇನ್ನೊಂದರಿಂದ ಬೈಗುಳ ಸಿಗುತ್ತದೆ.

ಒಮ್ಮೆ ಕಳ್ಳಕವಟಗಿಯ ರೈತನೊಬ್ಬ ಅಂಗಡಿಗೆ ಬಂದು, "ಟೇಲರ್ ಪಾಸಿಂಗ್ ಇಲ್ಲೇ ಮಾಡ್ತಾರೇನ್ರಿ?" ಎಂದು ಕೇಳಿದ. ಗಾಡಿ ರಸ್ತೆಗೆ ಯೋಗ್ಯವೆಂದು ತಪಾಸಣೆ ಮಾಡಿಸುವುದಕ್ಕೆ ನಮ್ಮಲ್ಲಿ ಪಾಸಿಂಗ್ ಎನ್ನುತ್ತಾರೆ. ಚಹಾದಂಗಡಿಯಲ್ಲಿ ಯಾರೋ ಕುಚೇಷ್ಟೆಗೆ ಈ ವಿಳಾಸ ಕೊಟ್ಟಿದ್ದರು. ಬೇರೆಯವರಾಗಿದ್ದರೆ ನಕ್ಕು ಆರ್‌ಟಿಒ ಕಚೇರಿಯ ದಾರಿ ತೋರಿಸುತ್ತಿದ್ದರು. ಕಾಕಾ ಕತ್ತರಿ ಕೆಳಗಿಟ್ಟು, "ಗಾಡಿ ಎಲ್ಲಿ ನಿಂದರ್ಸೀರಿ?" ಎಂದರು.

ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿದ್ದಂತೆಯೇ ತಪಾಸಣೆ ನಡೆಯಿತು. ಟ್ರ್ಯಾಕ್ಟರಿಗೂ ಟ್ರೇಲರಿಗೂ ಗಂಟು ಹಾಕುವ ಪಿನ್ನನ್ನು ಅಲ್ಲಾಡಿಸಿದರು. ಪಿನ್ನು ಕಳಚಿದರೆ ಹಿಡಿದುಕೊಳ್ಳಲೆಂದು ಇರಬೇಕಾದ ಸರಪಳಿ ಇರಲಿಲ್ಲ. ಟ್ರೇಲರಿನ ಬ್ರೇಕು ಎಲ್ಲಿ ಎಂದರೆ ರೈತ ಟ್ರ್ಯಾಕ್ಟರಿನ ಬ್ರೇಕು ತೋರಿಸಿದ. ಹಿಂದೆ ಹೋಗಿ ಕೆಂಪು ದೀಪ ಹುಡುಕಿದರೆ ಅದರ ಜಾಗದಲ್ಲೊಂದು ತೂತು, ತೂತಿನಲ್ಲಿ ಗುಬ್ಬಿಗೂಡು.

"ನಪಾಸ್," ಎಂದರು ಕಾಕಾ.

"ಹಂಗಾರ ಏನ್ ಮಾಡ್ಲಿರಿ?"

"ಸರಪಳಿ ಹಾಕಸ್ರಿ, ದೀಪ ಹಾಕಸ್ರಿ, ಬ್ರೇಕ್ ಕೂಡಸ್ರಿ. ಆಮ್ಯಾಲ ಖರೇನ ಪಾಸಿಂಗ್ ಮಾಡೋರ ಕಡೆ ಹೋಗ್ರಿ. ನಾ ಅಂಗಿ ಹೊಲಿಯಾಂವ."

ಆ ರೈತ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಕಾಕಾ ಮಾತ್ರ ಅವನ ಗಾಡಿಯ ಹಿಂದೆ ಒಂದು ಕೆಂಪು ಬಟ್ಟೆ ಕಟ್ಟಿಯೇ ಕಳಿಸಿದರು. ಈ ಬಟ್ಟೆಗಳಿಗೆ ರೇಡಿಯಂ ಪಟ್ಟಿ ಹೊಲಿದಿರುತ್ತಾರೆ, ಬೆಳಕು ಬಿದ್ದರೆ ಹೊಳೆಯುತ್ತದೆ. ದಾರ ತೂರಿಸಲು ಮೂಲೆಯಲ್ಲಿ ಕಾಜಾ, ಅಂಗಿಯ ಗುಂಡಿಗೆ ಹಾಕುವಷ್ಟೇ ನಾಜೂಕಾಗಿ, ಹಸಿರು ದಾರದಲ್ಲಿ. ಗಿರಾಕಿಗಳ ಕುಪ್ಪಸ ಹಬ್ಬ ಮುಗಿದರೂ ತಯಾರಾಗಿರುವುದಿಲ್ಲ, ಈ ಬಟ್ಟೆಗಳು ಮಾತ್ರ ರಾಶಿ ಬಿದ್ದಿರುತ್ತವೆ.

ಟಿಕೋಟಾದಲ್ಲಿ ನಮ್ಮ ನೆಂಟರ ಪೈಕಿ ಹಿರಿಯರೊಬ್ಬರು ತೀರಿಕೊಂಡರು. ಹೂವಿನಿಂದ ಸಿಂಗರಿಸಿದ ಟ್ರೇಲರಿನಲ್ಲಿ ಅವರನ್ನು ಕೂರಿಸಿ, ಭಜನೆಯವರೂ ಮಂದಿಯೂ ಹತ್ತಿ ಆಗಿತ್ತು. ಅಷ್ಟರಲ್ಲಿ ಕಾಕಾ ಗಾಡಿಯ ಕೆಳಗೆ ಬಗ್ಗಿದರು. ಪಿನ್ನು ಮೇಲೇಳದಂತೆ ತಡೆಯುವ ಕೊಕ್ಕೆ ಇಲ್ಲ, ಬದಲಿಗೆ ಬೇವಿನ ಕಡ್ಡಿ ಸಿಗಿಸಿದ್ದಾರೆ ಎಂದು ಸಾರಿದರು. ಭಜನೆ ನಿಂತಿತು. ಸತ್ತವರ ಮಗ ಅಳುವುದನ್ನು ಬಿಟ್ಟು, "ಹೊತ್ತಾಗೇತಿ, ಬಿಡೋ ಮಾರಾಯಾ," ಎಂದು ಗದರಿದ.

"ನಿಮ್ಮಪ್ಪಗ ಈಗ ಅವಸರಿಲ್ಲೋ ತಮ್ಮಾ. ಅವನ್ನ ಕಳಸಾಕ ಹೊಂಟೋರು ತಿರುಗಿ ಮನಿಗೆ ಬರಬೇಕಲ್ಲ," ಎಂದರು ಕಾಕಾ.

ಕಮ್ಮಾರನ ಮನೆಯಿಂದ ಕೊಕ್ಕೆ ಬರುವ ತನಕ ಹೆಣ ಬಿಸಿಲಲ್ಲೇ ಕೂತಿತ್ತು. ಅಂದಿನಿಂದ ಆ ನೆಂಟರ ಮದುವೆಗಳಿಗೆ ನಮಗೆ ಕರೆ ಬರುತ್ತದೆ, ಸಾವಿನ ಸುದ್ದಿ ಮಾತ್ರ ಮಣ್ಣಾದ ಮೇಲೆ ತಿಳಿಯುತ್ತದೆ.

ಆದರೆ ನಿಜವಾದ ಜಗಳ ನಡೆಯುವುದು ಖಂಡೇಪೂಜೆಯ, ಅಂದರೆ ಆಯುಧಪೂಜೆಯ ಮರುದಿನ. ಪೂಜೆಗೆಂದು ಗಾಡಿ ತೊಳೆದು ಮೈತುಂಬ ವಿಭೂತಿ ಬಳಿಯುತ್ತಾರಲ್ಲ, ಹಿಂದಿನ ಕೆಂಪು ದೀಪವನ್ನೂ ಬಿಡುವುದಿಲ್ಲ. ಅದರ ಮೇಲೂ ಮೂರು ಬೆರಳು ದಪ್ಪಗೆ ಎಳೆದು ಚೆಂಡುಹೂವಿನ ಮಾಲೆ ಇಳಿಬಿಡುತ್ತಾರೆ. ಕಾಕಾ ಒದ್ದೆ ಬಟ್ಟೆ ಹಿಡಿದು ಬಬಲೇಶ್ವರ ರಸ್ತೆಯಲ್ಲಿ ನಿಂತು ಅದನ್ನು ಒರೆಸುತ್ತಾರೆ.

"ದೇವರಿಗೆ ಹಚ್ಚಿದ್ದು ಅಳಸ್ತಿಯೇನೋ ಮುದುಕಾ?" ಎಂದು ಡ್ರೈವರನೊಬ್ಬ ಕೊರಳಪಟ್ಟಿಗೇ ಕೈ ಹಾಕಿದ.

"ದೇವರಿಗೆ ಮುಂದ ಹಚ್ಚಪಾ, ನಾ ಏನೂ ಅನ್ನಂಗಿಲ್ಲ. ಹಿಂದ ಬರೋರು ಮನಷ್ಯಾರು."

ಆ ಸಲ ಅಂಗಿ ಹರಿಸಿಕೊಂಡು ಬಂದರು. ಟೇಲರ್ ಅಲ್ಲವೇ, ತಾವೇ ಹೊಲಿದುಕೊಂಡರು.

ಇದು ನಗುವ ಮಾತಲ್ಲವೆಂದು ನನಗೂ ಗೊತ್ತು. ನನ್ನ ಅಪ್ಪ, ಅಂದರೆ ಕಾಕಾನ ಅಣ್ಣ, ಹೋದದ್ದು ಅದೇ ರಸ್ತೆಯಲ್ಲಿ, ಜೈನಾಪುರದ ಹತ್ತಿರ. ಖಂಡೇಪೂಜೆ ಮುಗಿದ ವಾರ, ಮುಸ್ಸಂಜೆಯಲ್ಲಿ, ಕೆಟ್ಟು ನಿಂತಿದ್ದ ಟ್ರೇಲರಿಗೆ ಅವರ ಬೈಕು ಹಿಂದಿನಿಂದ ಬಡಿಯಿತು. ಆ ಟ್ರೇಲರಿಗೆ ಕೆಂಪು ದೀಪವಿತ್ತು. ವಿಭೂತಿಯ ಅಡಿಯಲ್ಲಿ ಅದು ಉರಿಯುತ್ತಲೂ ಇತ್ತು. ಅಲ್ಲಿಗೆ ಓಡಿದ ಕಾಕಾ ಆ ದೀಪವನ್ನು ಹೆಬ್ಬೆರಳಿನಿಂದ ಒರೆಸಿದರಂತೆ. ಕೆಂಪು ಬೆಳಕು ರಸ್ತೆಯ ಮೇಲೆ, ಅಪ್ಪನ ಮೇಲೆ ಬಿತ್ತಂತೆ. ಅವರಿಗೆ ಮುಖಗಳು ಕಾಣದೇ ಹೋದದ್ದು ಆವತ್ತಿನಿಂದ.

ಈಗ ನಾನು ಬಬಲೇಶ್ವರದ ಶಾಲೆಯಲ್ಲಿ ಟೀಚರು, ದಿನವೂ ಅದೇ ರಸ್ತೆಯಲ್ಲಿ ಸ್ಕೂಟರಿನ ಮೇಲೆ ಹೋಗಿ ಬರುತ್ತೇನೆ. ಕಾಕಾ ಬೇಡವೆನ್ನಲಿಲ್ಲ, ನನ್ನ ಎಲ್ಲ ಚೂಡಿದಾರಗಳ ಬೆನ್ನಿಗೂ ರೇಡಿಯಂ ಪಟ್ಟಿ ಹೊಲಿದರು. ಮಕ್ಕಳು ನನ್ನನ್ನು ರೇಡಿಯಂ ಟೀಚರ್ ಎನ್ನುತ್ತಾರೆ. ಸಂಜೆ ನಾನು ಬಂದೊಡನೆ ಕಾಕಾ ಸ್ಕೂಟರಿನ ಹಿಂದೆ ಬಗ್ಗಿ ದೀಪ ನೋಡಿ, "ಬರೋಬರಿ ಐತಿ. ಉಣ್ಣು ಹೋಗು," ಎನ್ನುತ್ತಾರೆ. ಎಷ್ಟೋ ಸಲ ಸಿಟ್ಟು ಬಂದಿದೆ. ಮನುಷ್ಯರನ್ನು ಮಾತಾಡಿಸಬಾರದೇ?

ಕಳೆದ ತಿಂಗಳು ಶಾಲೆಯ ಸಭೆ ಮುಗಿಸಿ ಹೊರಟಾಗ ಕತ್ತಲು ಇಳಿಯುತ್ತಿತ್ತು. ಜೈನಾಪುರದ ಹತ್ತಿರ ಎದುರಿಗೆ ಬಂದ ಲಾರಿಯ ಬೆಳಕಿಗೆ ಕಣ್ಣು ಕೋರೈಸಿ ಏನೂ ಕಾಣಲಿಲ್ಲ. ಲಾರಿ ದಾಟುವ ಹೊತ್ತಿಗೆ ನನ್ನೆದುರು ಒಂದು ಚೂರು ಕೆಂಪು ಹೊಳೆಯಿತು. ಬ್ರೇಕು ಒತ್ತಿದೆ. ಸ್ಕೂಟರು ಜಾರಿ ಅಡ್ಡವಾಗಿ ನಿಂತಿತು, ಕಬ್ಬಿನ ತುದಿಗಳು ನನ್ನ ಕೆನ್ನೆಗೆ ತಾಗುತ್ತಿದ್ದವು. ದೀಪವಿಲ್ಲದ ಟ್ರೇಲರು, ಪಂಕ್ಚರಾಗಿ ನಿಂತದ್ದು, ಹತ್ತಿರ ಯಾರೂ ಇಲ್ಲ. ಹೊಳೆದದ್ದು ಅದರ ಹಿಂದೆ ಕಟ್ಟಿದ್ದ ಕೆಂಪು ಬಟ್ಟೆ, ಕೈಚಾಚಿ ಮುಟ್ಟಿದೆ. ಮೂಲೆಯಲ್ಲಿ ಕಾಜಾ ಇತ್ತು, ಹಸಿರು ದಾರದ್ದು.

ಮನೆ ಮುಟ್ಟಿದಾಗ ಕಾಕಾ ಎಂದಿನಂತೆ ಸ್ಕೂಟರಿನ ಹಿಂದೆ ಬಗ್ಗಿದರು. ನಾನು ಒಳಗೆ ಹೋಗಲಿಲ್ಲ.

"ಕಾಕಾ, ಒಂದ್ಸಲ ಈ ಕಡೆ ನೋಡು."

ಎದ್ದು ನಿಂತು ನನ್ನ ಮುಖ ನೋಡಿದರು. ನೋಡುತ್ತಲೇ ಇದ್ದರು.

"ಎಲ್ಲಿ?" ಎಂದರು.

"ಜೈನಾಪುರದ ಹತ್ರ. ನೀ ಕಟ್ಟಿದ್ದು ಇತ್ತು."

ಕಾಕಾ ಕೈಯೆತ್ತಿ ನನ್ನ ಕೆನ್ನೆಯ ಧೂಳನ್ನು ಹೆಬ್ಬೆರಳಿನಿಂದ ಒರೆಸಿದರು. ಒಂದು ಕೆನ್ನೆ, ಆಮೇಲೆ ಇನ್ನೊಂದು. ನಾನು ಅಳುತ್ತಿದ್ದೆ.

"ಬರೋಬರಿ ಐತಿ ಯವ್ವಾ," ಎಂದರು. "ಉಣ್ಣು ಹೋಗು."